ನಷ್ಟ ತುಂಬಿದ ಮೇಲೂ ದಂಡ ಏಕೆ?

ಪ್ರಶ್ನೆ: ಆದ ನಷ್ಟ ತುಂಬಿಕೊಟ್ಟ ಮೇಲೂ ‘ದಂಡನಾತ್ಮಕ ಪರಿಹಾರ’ ಎಂದು ಇನ್ನಷ್ಟು ಹಣ ಕೊಡಿಸುವುದು ಏಕೆ?

ಚಿಂತಾಮಣಿ ಕಡೆಯ ರೈತರೊಬ್ಬರು ಟೊಮೆಟೊ ಬೀಜ ಕೊಂಡರು, ಗಿಡ ಸೊಂಪಾಗಿ ಬೆಳೆಯಿತು, ಕಾಯಿ ಮಾತ್ರ ಕಚ್ಚಲಿಲ್ಲ ಎಂದುಕೊಳ್ಳಿ. ಬೀಜ, ಗೊಬ್ಬರ, ಕೂಲಿ, ಕೈತಪ್ಪಿದ ಫಸಲಿನ ಬೆಲೆ ಕೊಡಿಸಿದರೆ ಅದು ಪರಿಹಾರ, ಲೆಕ್ಕ ನಷ್ಟದಷ್ಟಕ್ಕೇ. ಆದರೆ ಕೆಟ್ಟ ಬೀಜವೆಂದು ಗೊತ್ತಿದ್ದೂ ಮಾರಿದವನಿಗೆ ಇಷ್ಟರಿಂದ ಬಿಸಿ ಮುಟ್ಟುವುದಿಲ್ಲ. ನೂರು ಜನ ಮೋಸಹೋದರೆ ದೂರು ಕೊಡುವವರು ಇಬ್ಬರೋ ಮೂವರೋ. ಅವರಿಗೆ ಕೊಟ್ಟು ಮಿಕ್ಕವರ ದುಡ್ಡನ್ನು ಅವನು ಜೇಬಿಗಿಳಿಸಬಹುದು. ಆ ಲಾಭದ ಲೆಕ್ಕ ಕೆಡಿಸುವುದೇ ದಂಡನಾತ್ಮಕ ಪರಿಹಾರದ ಉದ್ದೇಶ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಇದನ್ನು ಕೊಡಿಸುವ ಅಧಿಕಾರವನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೇ ಕೊಟ್ಟಿದೆ. ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿಯಾಗಿದೆ.

ಶಿಕ್ಷೆ ಕೊಡುವುದು ಕ್ರಿಮಿನಲ್ ಕೋರ್ಟಿನ ಕೆಲಸವಲ್ಲವೇ, ದೂರುದಾರನಿಗೆ ಇದು ಲಾಟರಿಯಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅದಕ್ಕೇ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1964ರಲ್ಲಿ ಇದಕ್ಕೆ ಬೇಲಿ ಹಾಕಿತು. ಅಧಿಕಾರಿಗಳ ದಬ್ಬಾಳಿಕೆ, ಲಾಭ ಎಣಿಸಿಯೇ ಮಾಡಿದ ತಪ್ಪು ಮುಂತಾದ ಕೆಲವೇ ಸಂದರ್ಭಗಳನ್ನು ಉಳಿಸಿತು. ನಮ್ಮಲ್ಲೂ, ಜನರಲ್ ಮೋಟಾರ್ಸ್ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗ ಹೊರಿಸಿದ್ದ 25 ಲಕ್ಷ ರೂಪಾಯಿಯ ದಂಡನಾತ್ಮಕ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ರದ್ದುಪಡಿಸಿತು: ದೂರಿನಲ್ಲಿ ಅದನ್ನು ಕೇಳಿರಲೇ ಇಲ್ಲ. ನನಗೆ ಈ ಬಿಗಿ ಸರಿಯೆನಿಸುತ್ತದೆ. ಕೇಳದ ಆರೋಪಕ್ಕೆ ಯಾರೂ ಉತ್ತರಿಸಲಾರರು. ಆದ್ದರಿಂದ ಚಿಕ್ಕಬಳ್ಳಾಪುರದ ಜಿಲ್ಲಾ ಆಯೋಗಕ್ಕೆ ದೂರು ಬರೆಯುವಾಗ ದಂಡನಾತ್ಮಕ ಪರಿಹಾರವನ್ನು ಹೆಸರಿಸಿಯೇ ಕೇಳಿ. ಅಂಗಡಿಯ ಬಿಲ್ಲು, ಲಾಟ್ ನಂಬರಿರುವ ಖಾಲಿ ಪ್ಯಾಕೆಟ್ಟು ಬಿಸಾಡಬೇಡಿ. ದೂರಿಗೆ ಗಡುವು 2 ವರ್ಷ.