ಅಂಗೈ ಕಲೆಗೂ ಕನ್ನಡಿ ಬೇಕು

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಅಂತ ನಮ್ಮಲ್ಲೊಂದು ಗಾದೆ ಉಂಟು. ಕಣ್ಣೆದುರಿಗೇ ಇರುವುದಕ್ಕೆ ಬೇರೆ ಸಾಕ್ಷಿ ಯಾಕೆ ಎಂದು ಅದರ ಅರ್ಥ. ಆದರೆ ಅಂಗೈಯಲ್ಲೇ ಕಾಣಿಸಿಕೊಂಡರೂ ಗುರುತು ಸಿಗದೆ ಮೋಸ ಮಾಡುವ ಕಾಯಿಲೆಯೊಂದಿದೆ. ಅದರ ಹೆಸರನ್ನು ಸ್ವಲ್ಪ ತಡೆದು ಹೇಳುತ್ತೇನೆ. ಮೊದಲೇ ಹೇಳಿದರೆ ನೀವು ಪುಟ ಮಗುಚಿ ಅಡಿಗೆಯ ಅಂಕಣಕ್ಕೆ ಹೋಗಿಬಿಡುತ್ತೀರಿ!

ಒಬ್ಬ ಗೃಹಿಣಿ ಎಂದಿಟ್ಟುಕೊಳ್ಳಿ. ಮದುವೆಯಾಗಿ ಎರಡು ವರ್ಷ, ಈಗ ಮೂರು ತಿಂಗಳ ಬಸುರಿ. ಒಂದು ಬೆಳಿಗ್ಗೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಾಗ ನೋಡುತ್ತಾಳೆ, ಎರಡೂ ಅಂಗೈಯಲ್ಲಿ ತಾಮ್ರದ ಬಣ್ಣದ ಸಣ್ಣ ಸಣ್ಣ ಕಲೆಗಳು. ಅಂಗಾಲಿನಲ್ಲೂ ಹಾಗೇ. ತುರಿಕೆಯಿಲ್ಲ, ಉರಿಯಿಲ್ಲ. “ಸೋಪಿನಪುಡಿ ಒಗ್ಗಿಲ್ಲ ಕಣೇ” ಎಂದಳು ಪಕ್ಕದ ಮನೆಯಾಕೆ. “ನಂಜು ಅದು. ಬದನೆಕಾಯಿ ಬಿಡು” ಎಂದರು ಅತ್ತೆ. ಔಷಧಿ ಅಂಗಡಿಯವನು ಒಂದು ಟ್ಯೂಬು ಕೊಟ್ಟ. ಕೆಲವು ವಾರಕ್ಕೆ ಕಲೆ ಮಾಯ. ಟ್ಯೂಬಿಗೂ ಶಹಭಾಸ್, ಬದನೆಕಾಯಿ ಬಿಡಿಸಿದ ಅತ್ತೆಗೂ ಶಹಭಾಸ್!

ಏಳನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಮಗು ಅಲುಗಾಡುವುದನ್ನು ನಿಲ್ಲಿಸಿತು.

ಕಲೆ ಹೋಗಿತ್ತು, ಕಾಯಿಲೆ ಹೋಗಿರಲಿಲ್ಲ. ಅದು ಸಿಫಿಲಿಸ್. ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದರು. 16ನೇ ಶತಮಾನದ ‘ಭಾವಪ್ರಕಾಶ’ ಎಂಬ ವೈದ್ಯಗ್ರಂಥದಲ್ಲಿ ಇದಕ್ಕೆ ಫಿರಂಗ ರೋಗ ಎಂದೇ ಹೆಸರು. ಫಿರಂಗಿಗಳು, ಅಂದರೆ ಯುರೋಪಿನವರು, ತಂದದ್ದೆಂದು! ಅತ್ತ ಯುರೋಪಿನಲ್ಲಿ ಇಟಲಿಯವರು ಇದನ್ನು ಫ್ರೆಂಚರ ರೋಗ ಎಂದರೆ, ಫ್ರೆಂಚರು ನೇಪಲ್ಸಿನವರ ರೋಗ ಎನ್ನುತ್ತಿದ್ದರು. ಮೊದಲಿನಿಂದಲೂ ಈ ಕಾಯಿಲೆಯಲ್ಲಿ ಔಷಧಿಗಿಂತ ಮುಂಚೆ ‘ಯಾರಿಂದ ಬಂತು’ ಎಂಬ ಜಗಳವೇ ಶುರು.

“ನಮ್ಮಂಥ ಮನೆಗಳಿಗೆ ಇದೆಲ್ಲ ಎಲ್ಲಿಂದ ಬರುತ್ತೆ?” ಅಂತೀರಾ? ಹೊಸ್ತಿಲು ದಾಟದ ಹೆಂಡತಿಗೂ ಬರಬಹುದು. ಗಂಡನಿಗಿದ್ದರೆ ಸಾಕು. ಅವರಿಗೂ ತಮಗಿದೆ ಎಂಬುದು ಗೊತ್ತಿಲ್ಲದಿರಬಹುದು. ಸುರುಳಿಯಾಕಾರದ ಒಂದು ರೋಗಾಣು ಇದಕ್ಕೆ ಕಾರಣ. 1905ರಲ್ಲಿ ಜರ್ಮನಿಯಲ್ಲಿ ಅದನ್ನು ಕಂಡುಹಿಡಿದರು. ಮುಖ್ಯವಾಗಿ ದೇಹಸಂಬಂಧದಿಂದ, ಬಸುರಿಯಿಂದ ಮಗುವಿಗೆ ಹರಡುತ್ತದೆ. ತಟ್ಟೆ, ಲೋಟ, ಬಟ್ಟೆ, ಬಸ್‌ಸ್ಟ್ಯಾಂಡಿನ ಪಾಯಿಖಾನೆ, ಇವುಗಳಿಂದ ಬರುವುದಿಲ್ಲ. ಆದ್ದರಿಂದ ಕಾಯಿಲೆಯವರ ಲೋಟ ಬೇರೆ ಇಡುವ ಕ್ರೌರ್ಯ ಬೇಡ.

ರೋಗಾಣು ಹೊಕ್ಕ ಸುಮಾರು ಮೂರು ವಾರಕ್ಕೆ, ಕೆಲವರಿಗೆ ಮೂರು ತಿಂಗಳಿಗೆ, ಹೊಕ್ಕ ಜಾಗದಲ್ಲಿ ಒಂದು ಹುಣ್ಣು ಏಳುತ್ತದೆ. ನೋವಿಲ್ಲ. ಹೆಂಗಸರಲ್ಲಿ ಅದು ಬಹಳ ಸಲ ಒಳಗಡೆ, ಗರ್ಭಕೋಶದ ಬಾಯಲ್ಲಿ ಇರುವುದರಿಂದ ಕಾಣುವುದೇ ಇಲ್ಲ. ತುಟಿಯ ಮೇಲೆ, ಬಾಯಲ್ಲಿ ಎದ್ದರೆ ‘ಉಷ್ಣ’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಮೂರರಿಂದ ಆರು ವಾರದಲ್ಲಿ ತಾನಾಗಿಯೇ ಒಣಗುತ್ತದೆ.

ಆಮೇಲೆ ಶುರುವಾಗುವುದೇ ವೇಷ. ಹಗಲುವೇಷದವರು ದಿನಕ್ಕೊಂದು ವೇಷ ಹಾಕಿ ಬೀದಿಗೆ ಬರುವುದಿಲ್ಲವೇ, ಹಾಗೆ. ಅಂಗೈ ಅಂಗಾಲಿನ ಕಲೆ ಒಂದು. ಕೆಲವರಿಗೆ ತಲೆಗೂದಲು ಅಲ್ಲಲ್ಲಿ ಉದುರಿ, ನುಸಿ ತಿಂದ ರೇಷ್ಮೆ ಸೀರೆಯ ಹಾಗೆ ಕಾಣುತ್ತದೆ. ‘ಹುಳ ತಿಂದಿದೆ’ ಎಂದು ನಿಂಬೆಹಣ್ಣು ಉಜ್ಜುತ್ತಾ ಕೂರುತ್ತಾರೆ. ಇನ್ನು ಕೆಲವರಿಗೆ ಬಾಯೊಳಗೆ ಬೂದು ಬಣ್ಣದ ಪೊರೆಯಂಥ ಮಚ್ಚೆ, ಗಂಟಲು ನೋವು, ಬಿಟ್ಟು ಬಿಟ್ಟು ಜ್ವರ, ಕುತ್ತಿಗೆಯಲ್ಲಿ ತೊಡೆಸಂದಿನಲ್ಲಿ ಗಂಟು. ಗುದದ ಸುತ್ತ ಒದ್ದೊದ್ದೆಯಾದ ಚಪ್ಪಟೆ ಗಂಟುಗಳೆದ್ದು, ಮೂಲವ್ಯಾಧಿ ಎಂದು ನಾಚಿಕೆಯಿಂದ ನಾಟಿ ಔಷಧಿ ಹುಡುಕಿಕೊಂಡು ಹೋಗುವವರೂ ಉಂಟು. ಅಪರೂಪಕ್ಕೆ ಕಾಮಾಲೆಯಂತೆ ಬರುತ್ತದೆ. ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವುದು, ಕಿವಿ ಏಕಾಏಕಿ ಮಂದವಾಗುವುದು, ಇವೂ ಅದರ ವೇಷಗಳೇ. ಈ ಎರಡಕ್ಕೆ ಒಂದು ದಿನವೂ ಕಾಯಬಾರದು.

ಹಾಗಂತ ಕೂದಲುದುರಿದವರೆಲ್ಲ ಗಾಬರಿಯಾಗಬೇಡಿ! ಅದಕ್ಕೆ ನೂರು ಕಾರಣ. ಆದರೆ ತುರಿಕೆಯಿಲ್ಲದ ಕಲೆ ಅಂಗೈ ಅಂಗಾಲು ಎರಡರಲ್ಲೂ ಇದ್ದರೆ ಅದನ್ನು ಟ್ಯೂಬಿಗೆ ಬಿಡಬೇಡಿ.

ಈ ವೇಷಗಳೂ ಕಳಚಿ ಬೀಳುತ್ತವೆ. ಹೊರಗೆ ಏನೂ ಇಲ್ಲದೆ ವರ್ಷಗಟ್ಟಲೆ ಒಳಗೇ ಕೂತಿದ್ದು, ಕೆಲವರಲ್ಲಿ ಕೊನೆಗೆ ಹೃದಯದ ದೊಡ್ಡ ರಕ್ತನಾಳವನ್ನೋ ಮೆದುಳನ್ನೋ ಕೆಡಿಸುತ್ತದೆ. ಸುಮ್ಮನೆ ಕೂತ ಕಾಲದಲ್ಲೂ ಬಸುರಿಯಿಂದ ಮಗುವಿಗೆ ದಾಟಬಲ್ಲದು. ಗರ್ಭಪಾತ, ಸತ್ತು ಹುಟ್ಟುವುದು, ದಿನ ತುಂಬದ ಹೆರಿಗೆ. ಬದುಕಿ ಹುಟ್ಟಿದ ಕೂಸು ಚೆನ್ನಾಗಿಯೇ ಕಂಡು, ಕೆಲವು ವಾರದ ಮೇಲೆ ಮೂಗು ಕಟ್ಟಿ ಸದಾ ಸುರಿಯುವುದು, ಅಂಗೈ ಅಂಗಾಲಿನ ಚರ್ಮ ಸುಲಿಯುವುದು, ಮುಟ್ಟಿದರೆ ಚೀರಿ ಒಂದು ಕೈಯನ್ನು ಎತ್ತದೇ ಇರುವುದು ಆಗಬಹುದು. ಕೈ ಉಳುಕಿದೆ ಎಂದು ನೀವಿಸಲು ಒಯ್ಯುತ್ತಾರೆ. ಅಲ್ಲಿ ಉಳುಕಿಲ್ಲ, ಮೂಳೆಗೇ ರೋಗ ತಗುಲಿದೆ.

ಇಷ್ಟೆಲ್ಲ ಹೆದರಿಸಿ ಈಗ ಸಿಹಿಸುದ್ದಿ. ಹಿಂದೆ ಪಾದರಸ ತಿನ್ನಿಸಿ ಹಲ್ಲುದುರಿಸುತ್ತಿದ್ದ ಈ ರೋಗಕ್ಕೆ 1943ರಿಂದ ಪೆನಿಸಿಲಿನ್ ಇದೆ. ಇವತ್ತಿಗೂ ಅದಕ್ಕೇ ಬಗ್ಗುತ್ತದೆ. ಕಾಯಿಲೆ ಹೊಸದಾಗಿದ್ದರೆ 24 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಒಂದೇ ಸಲ. ಹಳೆಯದಾದರೆ ಅಥವಾ ಎಂದಿನದು ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು. ಸೊಂಟಕ್ಕೆ ಕೊಡುವ ಸೂಜಿ, ನೋವಂತೂ ಜೋರು! ಅಂದು ರಾತ್ರಿ ಚಳಿಜ್ವರ, ಮೈಕೈ ನೋವು ಬರಬಹುದು. ರೋಗಾಣುಗಳು ಸಾಯುವಾಗ ಹೀಗಾಗುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ. ಬಸುರಿಯರು ಮಾತ್ರ ಹೊಟ್ಟೆ ನೋವು ಕಂಡರೆ, ಮಗುವಿನ ಅಲುಗಾಟ ಕಮ್ಮಿ ಎನಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪೆನಿಸಿಲಿನ್ ಒಗ್ಗದವರು ಮೊದಲೇ ಹೇಳಬೇಕು. ಬಸುರಿಗೆ ಅದರ ಬದಲು ಬೇರೆ ಮಾತ್ರೆ ನಡೆಯದು; ದೊಡ್ಡಾಸ್ಪತ್ರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಿ ಪೆನಿಸಿಲಿನ್ನನ್ನೇ ಕೊಡುತ್ತಾರೆ. ಮಗುವಿಗೆ ಪೂರ್ತಿ ರಕ್ಷೆ ಸಿಗಬೇಕಾದರೆ ಹೆರಿಗೆಗೆ ಕನಿಷ್ಠ ಒಂದು ತಿಂಗಳು ಮುಂಚೆಯೇ ಚಿಕಿತ್ಸೆ ಶುರುವಾಗಿರಬೇಕು.

ಗಾದೆಯ ಕನ್ನಡಿ ಇಲ್ಲಿ ರಕ್ತಪರೀಕ್ಷೆ. ವಿ.ಡಿ.ಆರ್.ಎಲ್. ಎಂಬ ಪರೀಕ್ಷೆ ಅಗ್ಗದ್ದು, ಆದರೆ ಆಗಾಗ ಸುಳ್ಳೂ ಹೇಳುತ್ತದೆ. ಮಲೇರಿಯ ಬಂದಿದ್ದರೆ, ಕೆಲವು ಸಂಧಿವಾತದ ಕಾಯಿಲೆಗಳಿದ್ದರೆ, ಒಮ್ಮೊಮ್ಮೆ ಬರೀ ಬಸಿರಿನಿಂದಲೇ ‘ಇದೆ’ ಎಂದು ಬರಬಹುದು. ಆದ್ದರಿಂದ ಟಿ.ಪಿ.ಎಚ್.ಎ. ಎಂಬ ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳದೆ ಮನೆಯಲ್ಲಿ ರಂಪ ಬೇಡ. ಬಸುರಿಯಾದರೆ ಖಾತ್ರಿಗೆ ಕಾದು ಸೂಜಿ ತಡಮಾಡುವುದೂ ಬೇಡ. ಖಾತ್ರಿಯಾದ ಮೇಲೂ ಒಂದು ಮಾತು. ಈ ಪರೀಕ್ಷೆ ಕಾಯಿಲೆ ಇದೆ ಎನ್ನುತ್ತದೆಯೇ ಹೊರತು ಯಾರಿಂದ ಬಂತು ಎಂದು ಹೇಳುವುದಿಲ್ಲ. ಮದುವೆಗೆ ಮುಂಚಿನದೂ ಇರಬಹುದು. ಗಂಡನ ಮೇಲೆ ನಿಮಗೆ ಸಿಟ್ಟು ಬಂದರೆ ತಪ್ಪೆನ್ನಲಾರೆ. ಆದರೆ ಸೂಜಿ ಮೊದಲು, ಜಗಳ ಆಮೇಲೆ. ನೀವೊಬ್ಬರೇ ಚಿಕಿತ್ಸೆ ಪಡೆದು ಅವರು ಬಿಟ್ಟರೆ ಮತ್ತೆ ನಿಮಗೇ ಬರುತ್ತದೆ. ಇದು ಸೀತಾಳೆ ಸಿಡುಬಿನಂತೆ ಒಂದು ಸಲ ಬಂದು ಮುಗಿಯುವಂಥದಲ್ಲ. ಇಬ್ಬರ ಚಿಕಿತ್ಸೆ ಮುಗಿಯುವತನಕ ಹಾಸಿಗೆ ಬೇರೆ.

“ನಾನು ಬರಲ್ಲ” ಎನ್ನುವ ಗಂಡಂದಿರೇ ಜಾಸ್ತಿ. ಅವರಿಗೆ ಕಾಯಿಲೆಯ ಹೆಸರು ಹೇಳಿ ಹೊರಡಿಸುವುದು ಕಷ್ಟ. “ಮಗುವಿಗೆ ತೊಂದರೆ ಆಗಬಾರದಂತೆ, ಇಬ್ಬರೂ ಬರಬೇಕಂತೆ” ಎಂದು ಲೇಡಿ ಡಾಕ್ಟರ ಕೈಯಲ್ಲೇ ಹೇಳಿಸಿ. ಜಿಲ್ಲಾಸ್ಪತ್ರೆಯ ಚರ್ಮ ಮತ್ತು ಗುಹ್ಯರೋಗ ವಿಭಾಗ, ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್, ಎರಡು ಕಡೆಯೂ ವಿಷಯ ಗುಟ್ಟಾಗಿರುತ್ತದೆ. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಪುಕ್ಕಟೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಅವರಿಗೆಂದೇ ತಪಾಸಣೆಯೂ ನಡೆಯುತ್ತಿದೆ. ಮುಟ್ಟು ನಿಂತ ತಿಂಗಳೇ ಹೋಗಿ, “ಸಿಫಿಲಿಸ್ ಪರೀಕ್ಷೆಯೂ ಆಯ್ತಾ ಸಿಸ್ಟರ್?” ಎಂದು ಬಾಯಿಬಿಟ್ಟು ಕೇಳಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೇ ಮನೆಗೆ ಬನ್ನಿ.