ಊರು ತನ್ನ ಊಟವನ್ನು ತಾನೇ ಬೆಳೆದೀತೇ?

ಹದಿನೇಳನೆಯ ಶತಮಾನದ ನಡುವೆ ಕೆಳದಿಯನ್ನಾಳಿದ ಶಿವಪ್ಪನಾಯಕನ ಹೆಸರು ಶಿವಮೊಗ್ಗದ ಮಕ್ಕಳಿಗೆಲ್ಲ ಗೊತ್ತು. ಊರಿನ ನಡುವೆಯೇ ಅವನ ಹೆಸರಿನ ಅರಮನೆಯಿದೆ. ಅವನ ‘ಶಿಸ್ತು’ ಎಂದರೆ ಕಂದಾಯದ ಪದ್ಧತಿ ಎಂದು ಇತಿಹಾಸದ ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆಯುವುದೂ ಗೊತ್ತು. ಆದರೆ ಆ ಶಿಸ್ತಿನ ಹಿಂದೆ ಒಂದು ಪ್ರಯೋಗವಿತ್ತು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಭೂಮಿಗೆ ಒಂದೊಂದು ಹೊಲದಂತೆ ಆರಿಸಿ, ಹನ್ನೆರಡು ವರ್ಷ ಕಾಲ ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು ಎಂದು ಲೆಕ್ಕ ಬರೆಸಿದನಂತೆ. ಮೈಸೂರು ಗೆಜೆಟಿಯರ್‌ನಲ್ಲಿ ಈ ಸಂಗತಿ ದಾಖಲಾಗಿದೆ. ಮೊದಲು ಅಳತೆ, ಆಮೇಲೆ ತೀರ್ಮಾನ!

‘ನಗರಗಳು ತಮ್ಮ ಆಹಾರವನ್ನು ತಾವೇ ಬೆಳೆದುಕೊಳ್ಳಬೇಕು’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಗಾಜಿನ ಗೋಪುರಗಳ ತುಂಬ ಹಸಿರು ಬೆಳೆಯುವ ಬಣ್ಣದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಚಿತ್ರ ಚೆನ್ನಾಗಿದೆ, ಆದರೆ ಲೆಕ್ಕ ಸರಿಹೋಗುತ್ತದೆಯೇ? ನಮ್ಮ ಊರನ್ನೇ ತೆಗೆದುಕೊಂಡು ನೋಡೋಣ. ಪೆನ್ಸಿಲ್ ಮತ್ತು ಒಂದು ಹಾಳೆ ಸಾಕು.

2011ರ ಜನಗಣತಿಯ ಪ್ರಕಾರ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ. ತಲೆಗೆ ದಿನಕ್ಕೆ 300 ಗ್ರಾಂ ಅಕ್ಕಿ ಎಂದಿಟ್ಟುಕೊಂಡರೆ ದಿನಕ್ಕೆ 97 ಟನ್, ವರ್ಷಕ್ಕೆ ಸುಮಾರು 35 ಸಾವಿರ ಟನ್ ಬೇಕು. ಒಂದು ಹೆಕ್ಟೇರ್ ಗದ್ದೆಯಲ್ಲಿ ಒಂದು ಬೆಳೆಗೆ ಮೂರು ಟನ್ ಅಕ್ಕಿ ಸಿಕ್ಕಿತೆನ್ನಿ. ವರ್ಷಕ್ಕೆ ಎರಡು ಬೆಳೆ ತೆಗೆದರೂ ಆರು ಸಾವಿರ ಹೆಕ್ಟೇರ್ ಗದ್ದೆ ಬೇಕಾಯಿತು. ನಗರದ ಒಟ್ಟು ವಿಸ್ತೀರ್ಣವೇ ಸುಮಾರು 70 ಚದರ ಕಿಲೋಮೀಟರ್, ಅಂದರೆ ಏಳು ಸಾವಿರ ಹೆಕ್ಟೇರ್. ಮನೆ, ರಸ್ತೆ, ಶಾಲೆ, ಬಸ್ ನಿಲ್ದಾಣವನ್ನೆಲ್ಲ ಕಿತ್ತು ಭತ್ತ ನಾಟಿ ಮಾಡಿದರೆ ಅನ್ನವೇನೋ ಸಿಗುತ್ತದೆ, ಉಣ್ಣುವವರು ಎಲ್ಲಿ ಕುಳಿತುಕೊಳ್ಳಬೇಕು?

ಆದ್ದರಿಂದ ಅನ್ನ ಹೊರಗಿನಿಂದಲೇ ಬರಬೇಕು. ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಆ ‘ಹೊರಗು’ ಎಷ್ಟು ದೂರ ಎಂಬುದು ಮುಖ್ಯ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು, ಗಾಜನೂರಿನಲ್ಲಿ ತುಂಗಾ ಅಣೆಕಟ್ಟು. ಎರಡೂ ನದಿಗಳ ನಾಲೆಗಳು ನಮ್ಮ ಎರಡೂ ಊರುಗಳ ಸುತ್ತಲಿನ ಗದ್ದೆಗಳಿಗೆ ನೀರುಣಿಸುತ್ತವೆ. ಇಂಥ ಭಾಗ್ಯ ಎಷ್ಟು ನಗರಗಳಿಗಿದೆ? ಆದರೆ ಆ ಅಚ್ಚುಕಟ್ಟಿನಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಊರಿಗೆ ಹತ್ತಿರದವು ಬಡಾವಣೆಗಳಾಗುತ್ತಿವೆ. ರೈತನನ್ನು ದೂರಲಾರೆ. ಕೂಲಿ, ಗೊಬ್ಬರ, ದರ ಎಲ್ಲವನ್ನೂ ಲೆಕ್ಕ ಹಾಕಿಯೇ ಅವನು ಅಡಿಕೆ ಇಟ್ಟಿದ್ದಾನೆ. ಆದರೆ ಸುಸ್ಥಿರ ನಗರದ ವಿನ್ಯಾಸ ಎಂದರೆ ತಾರಸಿಯ ಕುಂಡಗಳಷ್ಟೇ ಅಲ್ಲ. ಊರಂಚಿನ ಗದ್ದೆ, ಕೆರೆಗಳನ್ನು ನಕ್ಷೆಯಲ್ಲಿ ಗುರುತಿಸಿ ಉಳಿಸಿಕೊಳ್ಳುವುದೇ ಅದರ ದೊಡ್ಡ ಪಾಲು. ಇಂಗ್ಲೆಂಡಿನ ಎಬನೀಜರ್ ಹೋವರ್ಡ್ 1898ರಲ್ಲಿ ‘ಉದ್ಯಾನ ನಗರ’ದ ಕಲ್ಪನೆಯನ್ನು ಮುಂದಿಟ್ಟಾಗ ಊರಿನ ಸುತ್ತ ಕೃಷಿಭೂಮಿಯ ಪಟ್ಟಿಯೊಂದನ್ನು ಶಾಶ್ವತವಾಗಿ ಕಾಯ್ದಿಡಬೇಕೆಂದಿದ್ದ. ಉದ್ಯಾನವನ್ನು ನಾವು ಹಿಡಿದುಕೊಂಡೆವು, ಗದ್ದೆಯನ್ನು ಬಿಟ್ಟೆವು.

ಇನ್ನು ಸೊಪ್ಪಿನ ಲೆಕ್ಕ. ಇದು ಬೇರೆಯೇ ಕಥೆ ಹೇಳುತ್ತದೆ. ನಾಲ್ಕು ಜನರ ಕುಟುಂಬಕ್ಕೆ ತಲೆಗೆ ದಿನಕ್ಕೆ 100 ಗ್ರಾಂ ಸೊಪ್ಪೆಂದರೆ ವರ್ಷಕ್ಕೆ 146 ಕಿಲೋ. ಒಂದು ಚದರ ಮೀಟರ್ ಮಡಿಯಲ್ಲಿ ಹರಿವೆ ಒಂದು ಬೆಳೆಗೆ ಒಂದರಿಂದ ಒಂದೂವರೆ ಕಿಲೋ ಬರುತ್ತದೆ. ತಿಂಗಳಿಗೊಂದು ಬೆಳೆ. ಮಳೆ, ಹುಳು, ಸೋಮಾರಿತನ ಇವಕ್ಕೆಲ್ಲ ನಾಲ್ಕು ತಿಂಗಳು ಕಳೆದರೂ ವರ್ಷಕ್ಕೆ ಎಂಟು ಬೆಳೆ, ಕಡಿಮೆಯೆಂದರೂ ಎಂಟು ಕಿಲೋ. ಅಂದರೆ 18 ಚದರ ಮೀಟರ್ ಮಡಿ ಸಾಕು. 30–40ರ ನಿವೇಶನದಲ್ಲಿ ಕಟ್ಟಿದ ಮನೆಯ ತಾರಸಿಯಲ್ಲಿ ಇದು ಕಾಲು ಭಾಗವೂ ಆಗಲಿಕ್ಕಿಲ್ಲ.

ನಗರ ಅನ್ನ ಬೆಳೆಯಲಾರದು, ಸೊಪ್ಪು ಬೆಳೆದೀತು. ಒಂದೇ ದಿನಕ್ಕೆ ಬಾಡುವ, ದೂರ ಸಾಗಿಸಿದಷ್ಟೂ ಜೀವಸತ್ವ ಕಳೆದುಕೊಳ್ಳುವ ಪದಾರ್ಥವೂ ಅದೇ.

ಇದು ನಮಗೆ ಹೊಸದೇನಲ್ಲ. ಮಲೆನಾಡಿನ ಮನೆಗೆ ಹಿತ್ತಲಿಲ್ಲದಿದ್ದರೆ ಅದು ಮನೆಯೇ ಅಲ್ಲ. ಭದ್ರಾವತಿ ಕೈಗಾರಿಕೆಯ ಊರಾದರೂ ಈ ಹಿತ್ತಲನ್ನು ಬಿಟ್ಟಿರಲಿಲ್ಲ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಆರಂಭದ ದಶಕಗಳಲ್ಲಿ ಅಲ್ಲಿ ಅದಿರು ಕರಗಿದ್ದು ಸುತ್ತಲಿನ ಕಾಡಿನ ಇದ್ದಿಲಿನಿಂದ. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಊರೆಂಬುದು ಹೊಟ್ಟೆಯಿರುವ ಪ್ರಾಣಿ, ತನ್ನ ಗಡಿಯಾಚೆಯ ಕಾಡನ್ನೂ ಅದು ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಅದೇ ಕಾಗದದ ಕಾರ್ಖಾನೆ ಮುಂದೆ ತನ್ನದೇ ಸಕ್ಕರೆ ಘಟಕ ನಡೆಸಿ, ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡಿತು. ಒಂದು ಕಡೆಯ ಕಸ ಇನ್ನೊಂದು ಕಡೆಯ ಕಚ್ಚಾವಸ್ತು! ನಾನು ಚಿಕ್ಕವನಿದ್ದಾಗ ಕಂಡ ಕ್ವಾರ್ಟರ್ಸ್ ಸಾಲುಗಳಲ್ಲಿ ಬಚ್ಚಲ ನೀರು ನೇರವಾಗಿ ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ ಹೋಗುತ್ತಿತ್ತು. ಬೇಲಿಯ ಮೇಲೆ ಬಸಳೆ, ಮೂಲೆಯಲ್ಲಿ ನುಗ್ಗೆ. ಪಾಳಿ ಮುಗಿಸಿ ಬಂದವರು ಚಹಾ ಕುಡಿಯುತ್ತ ಪಾತಿ ಬಿಡಿಸುತ್ತಿದ್ದರು. 2015ರ ಸುಮಾರಿಗೆ ಕಾಗದದ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಪೇಪರ್ ಟೌನ್‌ನಲ್ಲಿ ಖಾಲಿ ಬಿದ್ದ ಮನೆಗಳ ಹಿತ್ತಲುಗಳಲ್ಲಿ ಈಗ ಲಂಟಾನ ಬೆಳೆದಿದೆ. ನೆಲವಿದೆ, ಹತ್ತಿರದಲ್ಲೇ ನದಿಯಿದೆ. ಹೊಸ ಹಸಿರು ನಗರದ ನಕ್ಷೆ ಬರೆಯುವವರು ಒಮ್ಮೆ ಅಲ್ಲಿ ನಡೆದಾಡಿ ಬರಬೇಕು.

ಸಂಕಟ ಬಂದಾಗ ನಗರಗಳು ಮಣ್ಣಿಗೆ ಕೈಹಾಕಿದ ಉದಾಹರಣೆಗಳು ಬೇರೆಡೆಯೂ ಇವೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕ್ಯೂಬಾಕ್ಕೆ ಬರುತ್ತಿದ್ದ ತೈಲ, ರಸಗೊಬ್ಬರಗಳು ಕೈಕೊಟ್ಟವು. ರಾಜಧಾನಿ ಹವಾನಾದ ಜನ ಖಾಲಿ ನಿವೇಶನಗಳಲ್ಲಿ ಕಾಂಪೋಸ್ಟ್ ತುಂಬಿದ ಮಡಿಗಳನ್ನು ಕಟ್ಟಿ ತರಕಾರಿ ಬೆಳೆದರು. ನಮ್ಮ ಕೋಲ್ಕತ್ತದ ಪೂರ್ವಕ್ಕಿರುವ ಜೌಗುಭೂಮಿಯಲ್ಲಿ ನಗರದ ಕೊಳಚೆ ನೀರು ಕೊಳಗಳಿಗೆ ಹರಿದು, ಬಿಸಿಲು ಮತ್ತು ಪಾಚಿಯ ನೆರವಿನಿಂದ ತಿಳಿಯಾಗಿ, ಮೀನಿಗೆ ಆಹಾರವಾಗುತ್ತದೆ. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಹಾಗೆಂದು ಕಂಡಕಂಡ ಚರಂಡಿಯ ಅಂಚಿನಲ್ಲಿ ಸೊಪ್ಪು ಬೆಳೆಯುವುದು ಜಾಣತನವಲ್ಲ. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಎಲೆಗಳು ಹೀರಿಟ್ಟುಕೊಳ್ಳುತ್ತವೆ. ಬೇಯಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಸಾಯುವುದಿಲ್ಲ.

ತಾರಸಿಯ ವಿಷಯದಲ್ಲಿ ತಂದೆತಾಯಿಗಳ ಭಯವೆಂದರೆ ಸೋರಿಕೆ. ನನ್ನ ಭಯ ಭಾರದ್ದು. ಒಂದು ಚದರ ಮೀಟರಿಗೆ 15 ಸೆಂಟಿಮೀಟರ್ ಎತ್ತರ ಹಸಿ ಮಣ್ಣು ತುಂಬಿದರೆ ಸುಮಾರು 240 ಕಿಲೋ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಹೇರಿಕೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದ್ದರಿಂದ ಬರಿಯ ಮಣ್ಣು ಬೇಡ. ತೆಂಗಿನ ನಾರಿನ ಪುಡಿಗೆ ಕಾಂಪೋಸ್ಟ್ ಬೆರೆಸಿದರೆ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಡಿಗಳನ್ನು ಗೋಡೆ, ತೊಲೆಗಳ ನೇರಕ್ಕೆ ಇಡಿ. ಹಳೆಯ ಮನೆಯಾದರೆ ಎಂಜಿನಿಯರನ್ನು ಕೇಳದೆ ಕೈಹಾಕಬೇಡಿ.

ಕಾಂಪೋಸ್ಟಿಗೆ ಅಡುಗೆಮನೆಯೇ ಗಣಿ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು ಮೂವತ್ತು ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು. ಅದನ್ನೊಂದನ್ನೇ ಪೇರಿಸಿದರೆ ನಾರುತ್ತದೆ, ನೆರೆಮನೆಯವರು ಜಗಳಕ್ಕೆ ಬರುತ್ತಾರೆ. ಒಣಗಿದ ಎಲೆ ಇಂಗಾಲದ ಮೂಟೆ. ನಾವು ಬೀದಿಯಲ್ಲಿ ಗುಡಿಸಿ ಸುಡುವುದು ಅದನ್ನೇ!

ಕಳೆದ ವರ್ಷ ನನ್ನ ಎಂಟನೆಯ ತರಗತಿಯ ಮಕ್ಕಳಿಗೆ ಶಿವಪ್ಪನಾಯಕನ ಪ್ರಯೋಗದ ಕಥೆ ಹೇಳಿ, ಮನೆಯಲ್ಲಿ ಒಂದು ಚದರ ಮೀಟರ್ ಮಡಿ ಮಾಡಿ ಲೆಕ್ಕ ಬರೆಯಿರಿ ಎಂದೆ. ಕಾಲಂಗಳೂ ಅವನವೇ: ಬೀಜ, ಖರ್ಚು, ಫಸಲು. ‘ಇದರಿಂದ ಅಂಕ ಬರುತ್ತದೆಯೇ ಸಾರ್?’ ಎಂದು ಕೇಳಿದ ತಂದೆಯರೂ ಇದ್ದರು. ಇಲ್ಲವೆಂದೇ ಹೇಳಿದೆ. ಅರ್ಧದಷ್ಟು ಮಕ್ಕಳು ಎರಡನೇ ತಿಂಗಳಿಗೇ ಕೈಬಿಟ್ಟರು. ಉಳಿದವರ ಪುಸ್ತಕಗಳಲ್ಲಿ ಒಂದು ಸಂಗತಿ ಎಲ್ಲರಲ್ಲೂ ಕಂಡಿತು. ಜೂನ್‌ವರೆಗೆ ಹರಿವೆಯ ಫಸಲು ಏರುತ್ತ ಹೋಗಿ, ಜುಲೈ ಮಳೆಗೆ ಬುಡ ಕೊಳೆತು ಸೊನ್ನೆಗಿಳಿದಿತ್ತು. ಒಬ್ಬ ಹುಡುಗಿಯ ಪುಸ್ತಕದಲ್ಲಿ ಮಾತ್ರ ಜುಲೈ ತಿಂಗಳಿಗೂ ಎರಡು ಕಿಲೋ ಎಂದು ಬರೆದಿತ್ತು. ತಪ್ಪು ಬರೆದಿದ್ದಾಳೆಂದುಕೊಂಡು ಕರೆದು ಕೇಳಿದೆ. ‘ಹರಿವೆ ಅಲ್ಲ ಸಾರ್, ಬಸಳೆ. ಮಳೆಗಾಲಕ್ಕೆ ಅದನ್ನೇ ಹಾಕು ಅಂತ ಅಜ್ಜಿ ಹೇಳಿದ್ರು’ ಎಂದಳು. ಈ ವರ್ಷ ಎಲ್ಲರಿಗೂ ಅವಳ ಮನೆಯಿಂದಲೇ ಬಸಳೆಯ ಕಡ್ಡಿ ಬಂದಿದೆ.