ತಂತ್ರಾಂಶಕ್ಕೊಂದು ಪೀಠಿಕೆ

ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅದನ್ನು ರಚಿಸಿದವರು ಅದರ ಕಡತಗಳ ಜೊತೆಗೆ ಇನ್ನೊಂದು ಚಿಕ್ಕ ಕಡತವನ್ನಿಡುವ ಪದ್ಧತಿಯುಂಟು. ಅದರ ಹೆಸರು ‘ರೀಡ್‌ಮಿ’. ಎಂದರೆ ‘ನನ್ನನ್ನು ಓದು’. ಇದು ಯಂತ್ರಕ್ಕಾಗಿ ಬರೆದುದಲ್ಲ, ಮನುಷ್ಯರಿಗಾಗಿ ಬರೆದುದು. 1970ರ ದಶಕದಿಂದಲೂ ಈ ರೂಢಿ ನಡೆದುಬಂದಿದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದ ಹೆಸರುಗಳು ಅನೇಕ ಯಂತ್ರಗಳ ಪಟ್ಟಿಯಲ್ಲಿ ಮೊದಲು ಬರುತ್ತಿದ್ದುದರಿಂದ ಇದನ್ನೂ ಹಾಗೆಯೇ ಬರೆಯುವುದು ವಾಡಿಕೆಯಾಯಿತು.

ಕನ್ನಡಿಗರಿಗೆ ಇದು ತೀರ ಅಪರಿಚಿತವಾದ ವಿಷಯವಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಸಂಕೇತಾಕ್ಷರಗಳ ವಿವರಣೆಯನ್ನು ನೋಡದೆ ಮುಂದಕ್ಕೆ ಹೋದವನು ಹೆಜ್ಜೆಹೆಜ್ಜೆಗೂ ಎಡವುತ್ತಾನೆ.

ಇದಕ್ಕೆ ನಮ್ಮ ಹೈದರಾಬಾದಿನಲ್ಲಿಯೇ ಒಂದು ಒಳ್ಳೆಯ ದೃಷ್ಟಾಂತವಿದೆ. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ ‘ಅನುಸಾರಕ’ವೆಂಬ ತಂತ್ರಾಂಶದ ಕೆಲಸವು 1990ರ ದಶಕದಲ್ಲಿ ಹೈದರಾಬಾದು ವಿಶ್ವವಿದ್ಯಾನಿಲಯದಲ್ಲಿ ಮುಂದುವರಿಯಿತು. ಕನ್ನಡ, ತೆಲುಗು ಮೊದಲಾದ ಭಾಷೆಗಳ ಬರಹವನ್ನು ಹಿಂದೀ ಬಲ್ಲವರು ಓದಿ ತಿಳಿಯುವಂತೆ ಮಾಡುವುದು ಅದರ ಉದ್ದೇಶ. ಇದರಲ್ಲಿ ಒಂದು ತೊಡಕಿದೆ. ‘ಊಟ ಮಾಡಿದ ತಟ್ಟೆ’ ಎಂದರೆ ನಮಗೆ ಅರ್ಥ ಸ್ಪಷ್ಟ. ಆದರೆ ‘ತಟ್ಟೆಯಲ್ಲಿ’ ಎಂಬ ವಿಭಕ್ತಿಯನ್ನು ಕನ್ನಡವು ಇಲ್ಲಿ ಹೇಳುವುದೇ ಇಲ್ಲ. ಹಿಂದಿಯಲ್ಲಾದರೋ ‘ಯಾವುದರಲ್ಲಿ’ ಎಂದು ಬಿಡಿಸಿ ಹೇಳಬೇಕು. ಯಂತ್ರವು ಊಹೆ ಮಾಡಿ ತಪ್ಪುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಬಗೆದ ರಚನಕಾರರು ಇಂಥಲ್ಲಿ ‘ಜೋ’ ಎಂಬ ಪದಕ್ಕೆ ನಕ್ಷತ್ರದ ಗುರುತನ್ನು ಸೇರಿಸಿ ಬಿಟ್ಟರು. ಗುರುತಿನ ಅರ್ಥವನ್ನು ಬಲ್ಲವನಿಗೆ ವಾಕ್ಯವು ತಿಳಿಯುತ್ತದೆ. ಅರಿಯದವನು ಅದನ್ನು ಕೆಟ್ಟ ಹಿಂದಿಯೆಂದು ತಳ್ಳಿಬಿಡುತ್ತಾನೆ. ಹಲವು ವರ್ಷಗಳ ಶ್ರಮವು ಫಲಿಸುವುದೂ ವ್ಯರ್ಥವಾಗುವುದೂ ಅರ್ಧ ಪುಟದ ವಿವರಣೆಯನ್ನು ಅವಲಂಬಿಸಿರುತ್ತದೆ!

ಇನ್ನು ನಮ್ಮ ಕೆಲಸಕ್ಕೆ ಬರೋಣ. ಹತ್ತನೆಯ ತರಗತಿಯವರು ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡಲು ಒಂದು ತಂತ್ರಾಂಶವನ್ನು ರಚಿಸಿದರೆಂದು ಭಾವಿಸೋಣ. ಬರುವ ಜೂನಿನಲ್ಲಿ ಅವರು ಶಾಲೆಯಲ್ಲಿರುವುದಿಲ್ಲ. ಆದ್ದರಿಂದ ಪೀಠಿಕೆಯ ಮೊದಲ ವಾಕ್ಯದಲ್ಲಿಯೇ ಇದು ಏನು ಮಾಡುತ್ತದೆಂಬುದನ್ನು ಹೇಳಬೇಕು. ‘ಅತ್ಯುತ್ತಮ’, ‘ಅತಿ ಸುಲಭ’ ಎಂಬ ಹೊಗಳಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. ಬಳಿಕ ಅದನ್ನು ನಡೆಯಿಸುವ ಕ್ರಮ, ಒಂದು ಪುಸ್ತಕವನ್ನು ಸೇರಿಸಿ ತೋರಿಸುವ ಉದಾಹರಣೆ, ಇತರರು ಇದನ್ನು ಬಳಸಿ ತಿದ್ದಬಹುದೆ ಎಂಬ ಮಾತು. ಏನು ಮಾಡಲಾರದು ಎಂಬುದನ್ನೂ ಮುಚ್ಚಿಡಬಾರದು. ಕನ್ನಡಕ್ಕೆ ವಿಶೇಷವಾದ ಇನ್ನೊಂದು ಅಂಶವೂ ಇದೆ: ಪುಸ್ತಕಗಳ ಹೆಸರುಗಳು ಯೂನಿಕೋಡಿನಲ್ಲಿವೆಯೋ ಹಳೆಯ ನುಡಿ ಅಕ್ಷರಶೈಲಿಯಲ್ಲಿವೆಯೋ ತಿಳಿಸಬೇಕು. ಎರಡನೆಯದಾದರೆ, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ‘ಕಾನೂರು ಹೆಗ್ಗಡಿತಿ’ಯು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ.

ಬರೆದುದನ್ನು ಎಂಟನೆಯ ತರಗತಿಯ ಒಬ್ಬನ ಕೈಗಿತ್ತು, ಬಾಯಿಬಿಡದೆ ಪಕ್ಕದಲ್ಲಿ ಕುಳಿತು ನೋಡಬೇಕು. ಅವನು ತಡೆದು ನಮ್ಮ ಮುಖ ನೋಡಿದ ಕಡೆಯಲ್ಲೆಲ್ಲ ಒಂದು ವಾಕ್ಯವನ್ನು ಸೇರಿಸಬೇಕು. ನೆರೆಯ ತೆಲುಗು, ಉರ್ದು ಶಾಲೆಗಳ ಗೆಳೆಯರಿಗೂ ತಂತ್ರಾಂಶವನ್ನು ಕೊಡುವುದಾದರೆ ಇಂಗ್ಲಿಷಿನಲ್ಲಿಯೂ ಒಂದು ಪ್ರತಿಯಿರಲಿ; ತಂತ್ರಾಂಶವು ಬದಲಾದ ದಿನವೇ ಎರಡು ಪ್ರತಿಗಳನ್ನೂ ತಿದ್ದಬೇಕು.